ಹೆಬ್ಬೆರಳಿನ ಕಾಗುಣಿತ

ನಮ್ಮಮ್ಮನಿಗೆ ಕಿವಿ ಮಂದವಾಗುತ್ತಿದೆ ಎಂದು ನಮಗೆ ಗೊತ್ತಾದದ್ದು ಭಾನುವಾರದ ಫೋನ್ ಕರೆಗಳಲ್ಲಿ. ಅಮ್ಮ ಇರುವುದು ಹಾಸನದಲ್ಲಿ, ಅಣ್ಣನ ಮನೆಯಲ್ಲಿ. ನಾವಿರುವುದು ಟೋಕಿಯೊದ ನಿಶಿ ಕಸಾಯಿಯಲ್ಲಿ. ಇಲ್ಲಿ ಗಡಿಯಾರ ಮೂರೂವರೆ ಗಂಟೆ ಮುಂದೆ. ನಾವು ಊಟ ಮುಗಿಸುವ ಹೊತ್ತಿಗೆ ಅಲ್ಲಿ ಸಂಜೆಯ ಕಾಫಿ ಆಗಿರುತ್ತದೆ. ಮಗಳು "ಅಜ್ಜಿ, ಕಾಫಿ ಆಯ್ತಾ?" ಎಂದು ಕೇಳಿದರೆ ಆ ಕಡೆಯಿಂದ "ಹ್ಞೂಂ ಕಣೇ, ಮಳೆ ಜೋರು" ಎಂಬ ಉತ್ತರ. ಮೊದಮೊದಲು ನಾವು ನಕ್ಕೆವು. ಅಮ್ಮನೂ ನಕ್ಕರು. ಆಮೇಲೆ ಒಂದು ದಿನ ಮಗಳು ಒಂದೇ ಪ್ರಶ್ನೆಯನ್ನು ನಾಲ್ಕು ಸಲ ಕೂಗಿ ಹೇಳಿ, ಫೋನನ್ನು ನನ್ನ ಕೈಗೆ ಕೊಟ್ಟು ಎದ್ದುಹೋದಳು. ಕಿವಿಯ ಮಿಷನ್ ಕೊಡಿಸಿಯಾಗಿದೆ. ಅದು "ಗುಂಯ್ ಅನ್ನತ್ತೆ" ಎಂಬ ಕಾರಣಕ್ಕೆ ದೇವರ ಮನೆಯ ಗೂಡಿನಲ್ಲಿ ಕುಂಕುಮದ ಭರಣಿಯ ಪಕ್ಕದಲ್ಲಿ ಕೂತಿದೆ.

ಫೋನ್ ಆಗದಿದ್ದರೆ ಬರೆಯಬಹುದಲ್ಲ ಎನ್ನುತ್ತೀರಿ. ನಮ್ಮ ಮನೆಯ ತೊಡಕು ಅಲ್ಲೇ ಇದ್ದದ್ದು. ಅಮ್ಮ ಪೇಪರನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಾರೆ, ಆದರೆ ಇಂಗ್ಲಿಷ್ ಅಕ್ಷರ ಬಾರದು. ನಾನು ಅಣ್ಣನಿಗೆ ಕಳಿಸುವ ಇಂಗ್ಲಿಷ್ ಅಕ್ಷರದ ಕನ್ನಡ ಅವರಿಗೆ ಕೋಳಿ ಕೆದಕಿದ ಹಾಗೆ ಕಾಣುತ್ತದೆ. ಮಗಳು ಕನ್ನಡ ಚೆನ್ನಾಗಿ ಮಾತಾಡುತ್ತಾಳೆ, ಓದಲು ಬರೆಯಲು ಬಾರದು. ಅವಳನ್ನು ನಾವು ಇಲ್ಲಿನ ಭಾರತೀಯ ಶಾಲೆಗೆ ಹಾಕದೆ ಬಡಾವಣೆಯ ಸರ್ಕಾರಿ ಜಪಾನಿ ಶಾಲೆಗೆ ಹಾಕಿದೆವು. ಆ ನಿರ್ಧಾರದ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಶಾಲೆಯಲ್ಲಿ ಸಾವಿರಗಟ್ಟಲೆ ಕಾಂಜಿ ತಿದ್ದುವ ಮಗುವಿಗೆ ಭಾನುವಾರ ಬೆಳಿಗ್ಗೆ ಮತ್ತೆ "ಅ ಆ ಇ ಈ" ತಿದ್ದು ಎಂದು ಹಟ ಹಿಡಿಯುವುದು ನನ್ನಿಂದ ಬಹಳ ದಿನ ಆಗಲಿಲ್ಲ. ಹನ್ನೊಂದನೆಯ ವಯಸ್ಸಿಗೆ ಅವಳ ಕನ್ನಡ ಕಾಪಿ ಪುಸ್ತಕ ಟ ಠ ಡ ಢದ ಹತ್ತಿರ ನಿಂತುಹೋಯಿತು.

ಇದಾಗಿ ಎರಡು ವರ್ಷದ ಮೇಲೆ, ಒಂದು ಫೆಬ್ರವರಿ ರಾತ್ರಿ, ಅವಳು ಒಂದು ಅರ್ಜಿ ಬರೆಯುತ್ತಿದ್ದೇನೆ ಎಂದಳು. ಏನು ಅರ್ಜಿ ಎಂದೆ. "ನಾನೊಂದು ಕೀಬೋರ್ಡ್ ಮಾಡ್ಬೇಕು ಅಮ್ಮ. ಅದಕ್ಕೆ ದುಡ್ಡು ಕೊಡ್ತಾರೆ, ಹೇಳಿಕೊಡೋಕೆ ಒಬ್ಬರನ್ನೂ ಕೊಡ್ತಾರೆ" ಎಂದಳು.

ಇಂಥ ಯೋಜನೆಗಳ ಬಗ್ಗೆ ನನಗೆ ಆಗ ಏನೂ ಗೊತ್ತಿರಲಿಲ್ಲ. ಈ ಊರಿಗೆ ಬಂದು ಹನ್ನೆರಡು ವರ್ಷವಾದರೂ ಗೊತ್ತಿರಲಿಲ್ಲ ಎನ್ನಲು ನಾಚಿಕೆಯಾಗುತ್ತದೆ. ಹಾಗಾಗಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳಿಬಿಡುತ್ತೇನೆ, ಜಪಾನಿನಲ್ಲಿರುವ ಇತರರಿಗಾದರೂ ಉಪಯೋಗವಾಗಲಿ.

ಇವುಗಳಲ್ಲಿ ಹಿರಿಯದು 'ಮಿತೋ'. ಆ ಪದಕ್ಕೆ ಯಾರೂ ಕಾಲಿಡದ ಜಾಗ ಎಂದು ಅರ್ಥ. ಆರ್ಥಿಕ ಸಚಿವಾಲಯದ ಅಡಿಯಲ್ಲಿರುವ ಐಪಿಎ ಎಂಬ ಸಂಸ್ಥೆ 2000ದಲ್ಲಿ ಶುರು ಮಾಡಿದ್ದು. ಕಂಪನಿಗಳಿಗಾಗಲೀ ವಿಶ್ವವಿದ್ಯಾಲಯಗಳಿಗಾಗಲೀ ದುಡ್ಡು ಕೊಡದೆ, ಏನೋ ಒಂದನ್ನು ಕಟ್ಟಬೇಕೆಂದು ಹಟ ಹಿಡಿದ ವ್ಯಕ್ತಿಗಳನ್ನೇ ಹುಡುಕಿ ಬೆಂಬಲಿಸುವುದು ಅದರ ಪದ್ಧತಿ. ಈಗ ಅದು 25 ವರ್ಷದೊಳಗಿನವರಿಗೆ. ನನಗೆ ಬಹಳ ಹಿಡಿಸಿದ್ದು ಅವರ ಆಯ್ಕೆಯ ರೀತಿ. ಸಮಿತಿ ಕೂತು ಅಂಕ ಕೂಡಿಸಿ ಸರಾಸರಿ ತೆಗೆಯುವುದಕ್ಕಿಂತ, ಅನುಭವಸ್ಥರಾದ ಒಬ್ಬ ಪ್ರಾಜೆಕ್ಟ್ ಮ್ಯಾನೇಜರ್ 'ಇದು ನನಗೆ ಬೇಕು' ಎಂದು ಕೈ ಹಿಡಿಯುವುದಕ್ಕೆ ಅಲ್ಲಿ ಬೆಲೆ. ಎಲ್ಲರಿಗೂ ಪರವಾಗಿಲ್ಲ ಅನ್ನಿಸುವ ಪ್ರಸ್ತಾವಕ್ಕಿಂತ, ಒಬ್ಬರಿಗೆ ಹುಚ್ಚು ಹಿಡಿಸುವ ಪ್ರಸ್ತಾವಕ್ಕೆ ಅಲ್ಲಿ ದಾರಿಯಿದೆ. ತ್ಸುಕುಬಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ನೊಬೊರಿ ದೈಯೂ 2003ರಲ್ಲಿ ಈ ಯೋಜನೆಯ ಯುವ ವಿಭಾಗದಲ್ಲಿದ್ದುಕೊಂಡು 'ಸಾಫ್ಟ್ ಈಥರ್' ಎಂಬ ವಿಪಿಎನ್ ತಂತ್ರಾಂಶ ಬರೆದರು. ಕಚೇರಿಗಳ ಫೈರ್‌ವಾಲನ್ನೇ ದಾಟಿಬಿಡುತ್ತದೆ ಎಂಬ ಆತಂಕದಿಂದ ಅದರ ವಿತರಣೆಯನ್ನು ಕೆಲಕಾಲ ನಿಲ್ಲಿಸಬೇಕಾಯಿತಂತೆ. ಈಗ ಅದರ ಕೋಡ್ ಎಲ್ಲರಿಗೂ ಮುಕ್ತ. ಸರ್ಕಾರದ ದುಡ್ಡಿನಲ್ಲಿ ಕಲಿತ ಹುಡುಗ ಸರ್ಕಾರಕ್ಕೇ ತಲೆನೋವಾದ ಕಥೆಯನ್ನು ಇಲ್ಲಿನವರು ಒಂಥರಾ ಹೆಮ್ಮೆಯಿಂದಲೇ ಹೇಳುತ್ತಾರೆ.

ಮಕ್ಕಳಿಗಿರುವುದು 'ಮಿತೋ ಜೂನಿಯರ್'. 2016ರಿಂದ ನಡೆಯುತ್ತಿದೆ. 17 ವರ್ಷದವರೆಗಿನವರು, ಪ್ರಾಥಮಿಕ ಶಾಲೆಯ ಮಕ್ಕಳು ಕೂಡ, ಅರ್ಜಿ ಹಾಕಬಹುದು. ಆಯ್ಕೆಯಾದ ಯೋಜನೆಗೆ 5 ಲಕ್ಷ ಯೆನ್‌ವರೆಗೆ ಹಣ, ಜೊತೆಗೊಬ್ಬ ಮಾರ್ಗದರ್ಶಿ. ಮಾರ್ಗದರ್ಶಿಗಳಲ್ಲಿ ಅನೇಕರು ತಾವೇ ಒಂದು ಕಾಲಕ್ಕೆ ಮಿತೋದಲ್ಲಿ ಪಳಗಿದವರು. ವಸಂತದಲ್ಲಿ ಅರ್ಜಿ, ಬೇಸಿಗೆಯೆಲ್ಲ ಕೆಲಸ, ಚಳಿ ಬೀಳುವ ಹೊತ್ತಿಗೆ ವೇದಿಕೆಯ ಮೇಲೆ ನಿಂತು ಮಾಡಿದ್ದನ್ನು ತೋರಿಸುವುದು. ಇದಲ್ಲದೆ ಮಸಯೋಶಿ ಸೋನ್ 2016ರಲ್ಲಿ ಸ್ಥಾಪಿಸಿದ ಪ್ರತಿಷ್ಠಾನವಿದೆ, ಕಲೆ ಮತ್ತು ತಂತ್ರಜ್ಞಾನ ಬೆರೆಸುವ ಎಳೆಯರಿಗೆ ಕುಮಾ ಪ್ರತಿಷ್ಠಾನವಿದೆ. ಇನ್ನೂ ಚಿಕ್ಕ ಮಕ್ಕಳಿಗೆ ಊರೂರಲ್ಲಿ 'ಕೋಡರ್ ಡೋಜೊ' ಎಂಬ ಉಚಿತ ಕ್ಲಬ್ಬುಗಳಿವೆ, ಐರ್ಲೆಂಡಿನಲ್ಲಿ ಹುಟ್ಟಿ ಇಲ್ಲಿಗೆ ಬಂದು 'ಡೋಜೊ' ಎಂಬ ಜಪಾನಿ ಪದವನ್ನು ತವರಿಗೆ ಮರಳಿಸಿದವು. 2020ರಿಂದ ಪ್ರಾಥಮಿಕ ಶಾಲೆಯಲ್ಲೇ ಪ್ರೋಗ್ರಾಮಿಂಗ್ ಕಡ್ಡಾಯ. ನನ್ನ ಮಗಳು ಶುರು ಮಾಡಿದ್ದೂ ಶಾಲೆ ಕೊಟ್ಟ ಟ್ಯಾಬ್ಲೆಟ್ಟಿನಲ್ಲಿ ಬೆಕ್ಕನ್ನು ಓಡಿಸುವುದರಿಂದ.

ಅವಳು ಅರ್ಜಿ ಹಾಕಿದ್ದು ಇಂಥವುಗಳಲ್ಲೇ ಒಂದಕ್ಕೆ. ಯಾವುದು ಎನ್ನುವುದು ಬೇಡ, ಅವಳೂ ಬೇಡ ಎಂದಿದ್ದಾಳೆ.

ಏನು ಕೀಬೋರ್ಡ್ ಎಂದು ಕೇಳಿದಾಗ ಅವಳು ತನ್ನ ಫೋನ್ ತೋರಿಸಿದಳು. ಜಪಾನಿನಲ್ಲಿ ಬೆಳೆದ ಮಕ್ಕಳು ಟೈಪ್ ಮಾಡುವುದನ್ನು ನೀವು ನೋಡಬೇಕು. ಪರದೆಯ ಮೇಲೆ ಹಳೆಯ ಗುಂಡಿ ಫೋನಿನ ಹಾಗೆ ಹನ್ನೆರಡು ಮನೆ. 'ಕ' ಮನೆಯನ್ನು ಸುಮ್ಮನೆ ಒತ್ತಿದರೆ ಕ. ಒತ್ತಿ ಎಡಕ್ಕೆ ಸರಿಸಿದರೆ ಕಿ, ಮೇಲಕ್ಕೆ ಕು, ಬಲಕ್ಕೆ ಕೆ, ಕೆಳಕ್ಕೆ ಕೊ. ಇದಕ್ಕೆ ಫ್ಲಿಕ್ ಎನ್ನುತ್ತಾರೆ. 2008ರಲ್ಲಿ ಐಫೋನ್ ಈ ದೇಶಕ್ಕೆ ಬಂದಾಗಿನಿಂದ ಮನೆಮಾತಾದ ವಿಧಾನ. ಆಪಲ್‌ನಲ್ಲಿ ಅದರ ಜಪಾನಿ ಬರವಣಿಗೆಯ ಮೇಲೆ ಕೆಲಸ ಮಾಡಿದವರು ಮಸುಯಿ ತೊಶಿಯುಕಿ. ಮೆಟ್ರೋದಲ್ಲಿ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದು ಕೈಯ ಹೆಬ್ಬೆರಳಿನಲ್ಲೇ ಪುಟಗಟ್ಟಲೆ ಬರೆಯುತ್ತಾರೆ, ಪರದೆಯನ್ನು ನೋಡುವುದೂ ಇಲ್ಲ.

"ನೋಡು ಅಮ್ಮ, ಜಪಾನಿಯಲ್ಲಿ ಐದು ಸ್ವರ. ಕನ್ನಡದಲ್ಲೂ ಐದೇ. ಅ ಇ ಉ ಎ ಒ. ಮಿಕ್ಕಿದ್ದು ಅದರದ್ದೇ ಉದ್ದ" ಎಂದಳು.

ನಾನು ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿವರೆಗೆ ಓದಿದವಳು. ಕಾಗುಣಿತವನ್ನು ಬಾಯಿಪಾಠ ಮಾಡಿ ಕುಣಿದವಳು. ಹ್ರಸ್ವಸ್ವರಗಳು, ಋ ಒಂದನ್ನು ಬಿಟ್ಟರೆ, ಐದೇ ಎಂಬುದು ಒಂದು ದಿನವೂ ಹೀಗೆ ಎದ್ದು ಕಂಡಿರಲಿಲ್ಲ. ಹಾಗಾದರೆ ಕೀ ಹೇಗೆ ಬರೆಯುತ್ತೀಯ ಎಂದೆ. ಎಡಕ್ಕೆ ಸರಿಸಿ ಬೆರಳೆತ್ತದೆ ನಡುವಿಗೆ ವಾಪಸ್ ಬಂದರೆ ದೀರ್ಘ. ಕ ಒತ್ತಿ ಹಿಡಿದರೆ ಕಾ. ಜಪಾನಿಯಲ್ಲಿ ಕ ಬರೆದು ಇನ್ನೊಂದು ಗುಂಡಿ ತಟ್ಟಿದರೆ ಗ ಆಗುತ್ತದೆ. ಇವಳದ್ದರಲ್ಲಿ ಅದೇ ಗುಂಡಿ ತಟ್ಟುತ್ತಾ ಹೋದರೆ ಕ, ಗ, ಖ, ಘ. ಒತ್ತಕ್ಷರ? ಅದಕ್ಕೆ ಅವಳಿಗೆ ಜಪಾನಿಯ 'ಚಿಕ್ಕ ತ್ಸು' ನೆರವಾಗಿತ್ತು. 'ಗಕ್ಕೋ' ಎಂದರೆ ಶಾಲೆ. ಅಲ್ಲಿ ಕ ಎರಡಾಗುವುದನ್ನು ತೋರಿಸಲು ಒಂದು ಪುಟ್ಟ ಅಕ್ಷರ ಬರೆಯುತ್ತಾರೆ. "ಅಜ್ಜಿಯಲ್ಲಿರೋದೂ ಅದೇ ಅಲ್ವಾ?" ಎಂದಳು. ನಾನು ಮೂರು ವರ್ಷ ಕೋಲು ಹಿಡಿಯದ ಮೇಷ್ಟರಾಗಿ ಹೇಳಿಕೊಡಲಾಗದೆ ಸೋತ ಒತ್ತಕ್ಷರ ಅವಳಿಗೆ ಜಪಾನಿ ಶಾಲೆಯ ಒಂದನೆಯ ತರಗತಿಯಲ್ಲೇ ಬಂದುಬಿಟ್ಟಿತ್ತು. (ಅಮ್ಮ ಎಂಬುದನ್ನು ಮಾತ್ರ ಜಪಾನಿ ಅಕ್ಷರದಲ್ಲಿ ಬರೆದರೆ 'ಅಂಮ' ಆಗುತ್ತದೆ, ಹಾಗೆಂದರೆ ಮೈ ಒತ್ತುವ ಕೆಲಸ. ಅವಳ ಗೆಳತಿಯರು ನನ್ನನ್ನು ನೋಡಿ ಕಿಸಿಕಿಸಿ ನಗುತ್ತಿದ್ದದ್ದು ಏಕೆಂದು ಆಮೇಲೆ ಗೊತ್ತಾಯಿತು.)

ಜಪಾನಿ ವರ್ಣಮಾಲೆಯ ಸಾಲು ಅ ಕ ಸ ತ ನ ಹ ಮ ಯ ರ ವ. ನಮ್ಮ ವರ್ಗಾಕ್ಷರಗಳ ನೆರಳು ಅದರಲ್ಲಿ ಕಾಣಿಸಿದರೆ ಅದು ಕಾಕತಾಳೀಯವಲ್ಲ. ಬೌದ್ಧ ಭಿಕ್ಷುಗಳು ಮಂತ್ರಗಳಿಗಾಗಿ ಸಿದ್ಧಂ ಲಿಪಿಯನ್ನೂ ಸಂಸ್ಕೃತದ ಧ್ವನಿಶಾಸ್ತ್ರವನ್ನೂ ಕಲಿತರು, ಅಲ್ಲಿಂದ ಈ ಕ್ರಮ ಬಂತು ಎನ್ನುತ್ತಾರೆ ವಿದ್ವಾಂಸರು. ಇದನ್ನು ಮಗಳಿಗೆ ನಾನು ಹೇಳಿದ್ದಲ್ಲ. ಅವಳೇ ಶಾಲೆಯ ಗ್ರಂಥಾಲಯದಲ್ಲಿ ಓದಿ ಬಂದು ನನಗೆ ಹೇಳಿದ್ದು.

ಇಷ್ಟೆಲ್ಲ ಕೇಳಿ ನಾನು ಏನೆಂದೆ ಗೊತ್ತೇ? "ಗೂಗಲ್ ಕೀಬೋರ್ಡಿನಲ್ಲಿ ಕನ್ನಡ ಆಗಲೇ ಇದೆಯಲ್ಲೇ. ಜಪಾನಿನಲ್ಲಿ ಕೂತು ಕನ್ನಡದ ಕೀಬೋರ್ಡ್ ಯಾರಿಗೆ ಬೇಕು, ಅದಕ್ಕೆ ಯಾರು ದುಡ್ಡು ಕೊಡ್ತಾರೆ? ಅರ್ಜಿಗೆ ಜಪಾನಿನವರಿಗೆ ಬೇಕಾದ್ದು ಏನಾದ್ರೂ ಮಾಡು."

ತಂತ್ರಾಂಶದಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿದವಳ ಮಾತಿದು. ಕೆ.ಪಿ. ರಾವ್ ಕನ್ನಡಕ್ಕೊಂದು ಕೀಲಿಮಣೆ ವಿನ್ಯಾಸ ಮಾಡಲು ಕೂತಾಗಲೂ ಯಾರಾದರೂ ಹೀಗೇ ಕೇಳಿರಬೇಕು. ಮಗಳು ವಾದಿಸಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿಕೊಂಡು ತನ್ನ ಕೋಣೆಗೆ ಹೋದಳು. ಆಮೇಲೆ ಒಂದು ತಿಂಗಳು ಅರ್ಜಿಯ ಸುದ್ದಿಯನ್ನೇ ನನ್ನ ಹತ್ತಿರ ಎತ್ತಲಿಲ್ಲ.

ಪೋಷಕರ ಒಪ್ಪಿಗೆ ಪತ್ರಕ್ಕೆ ಸಹಿ ಬೇಕಾದಾಗ ಪ್ರಸ್ತಾವದ ಪ್ರತಿಯನ್ನೂ ಇಟ್ಟು ಹೋಗಿದ್ದಳು. ನನ್ನ ಜಪಾನಿ ಕಚೇರಿಯ ಮೀಟಿಂಗಿಗೆ, ವಾರ್ಡ್ ಆಫೀಸಿಗೆ ಸಾಕು. ಕಾಂಜಿ ತುಂಬಿದ ಏಳು ಪುಟ ಓದಲು ಸಾಲದು. ನನ್ನ ಮಗಳು ಬರೆದದ್ದನ್ನು ನಾನು ಫೋನಿನ ಅನುವಾದದ ಆ್ಯಪ್ ಹಿಡಿದುಕೊಂಡು ಓದಿದೆ. ಅಜ್ಜಿ ಮೊಮ್ಮಗಳ ನಡುವೆ ಏನಿದೆಯೋ ಅದೇ ನನಗೂ ಇವಳಿಗೂ ನಡುವೆ ಬಂದು ಕೂತಿತ್ತು, ನಾನು ನೋಡಿರಲಿಲ್ಲ. ನಾಲ್ಕನೆಯ ಪುಟದಲ್ಲಿ, 'ಇದನ್ನು ಈಗಲೇ ಏಕೆ ಮಾಡಬೇಕು' ಎಂಬ ಪ್ರಶ್ನೆಯ ಕೆಳಗೆ, ಅವಳು ಎರಡೇ ಸಾಲು ಬರೆದಿದ್ದಳು. ಅಜ್ಜಿಗೆ ನನ್ನ ದನಿ ಕೇಳಿಸುವುದು ಕಡಿಮೆಯಾಗುತ್ತಿದೆ. ನಾನು ಕನ್ನಡ ಓದಲು ಕಲಿಯುವವರೆಗೆ ಕಾಯಲು ಸಮಯವಿಲ್ಲ.

ಸಹಿ ಹಾಕಿದೆ. ಏನು ಹೇಳಬೇಕೆಂದು ತಿಳಿಯದೆ ಅವಳಿಗಿಷ್ಟದ ಅವಲಕ್ಕಿ ಒಗ್ಗರಣೆ ಮಾಡಿದೆ. ತಿಂದಳು. "ಉಪ್ಪು ಜಾಸ್ತಿ" ಎಂದಳು.

ಪ್ರಸ್ತಾವ ಮೊದಲ ಸುತ್ತು ದಾಟಿತು. ಎರಡನೆಯದು ಆನ್‌ಲೈನ್ ಸಂದರ್ಶನ. ನಾನು ಪಕ್ಕದ ಅಡುಗೆಮನೆಯಲ್ಲಿ ಪಾತ್ರೆ ಶಬ್ದವಾಗದಂತೆ ನಿಂತಿದ್ದೆ. ಮೂವರಿದ್ದರು, ಯಾರೂ ದೊಡ್ಡಸ್ತಿಕೆಯ ದನಿಯಲ್ಲಿ ಮಾತಾಡಲಿಲ್ಲ. ಮಗುವನ್ನು ಪರೀಕ್ಷಿಸುವ ಹಾಗಿರಲಿಲ್ಲ, ಸಹೋದ್ಯೋಗಿಯ ಜೊತೆ ಯೋಜನೆ ಚರ್ಚಿಸುವ ಹಾಗಿತ್ತು. ಬೇರೆ ಕೀಬೋರ್ಡುಗಳಿವೆಯಲ್ಲ ಎಂಬ ಪ್ರಶ್ನೆ ಬಂತು, ನಾನು ಕೇಳಿದ್ದೇ. ಆದರೆ ಅವರು ಕೇಳಿದ್ದು ಉತ್ತರ ಬೇಕಾಗಿ. ಜಪಾನಿನಲ್ಲಿ ಬೆಳೆದ ಕನ್ನಡದ ಮಕ್ಕಳಿಗೆ ಕನ್ನಡ ಅಕ್ಷರ ಗೊತ್ತಿಲ್ಲ, ಆದರೆ ಅವರ ಹೆಬ್ಬೆರಳಿಗೆ ಫ್ಲಿಕ್ ಗೊತ್ತು, ಬೆರಳಿನಿಂದ ಅಕ್ಷರಕ್ಕೆ ಹೋಗಬಹುದು ಎಂದಳು. ಆಮೇಲೆ ಒಬ್ಬರು ಕೇಳಿದರು: "ನಿನ್ನನ್ನು ಬಿಟ್ಟು ಇದನ್ನು ಇದುವರೆಗೆ ಎಷ್ಟು ಜನ ಬಳಸಿದ್ದಾರೆ?"

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ "ಯಾರೂ ಇಲ್ಲ" ಎಂದಳು.

ಆಯ್ಕೆಯಾಗಲಿಲ್ಲ. ಬಂದ ಪತ್ರದಲ್ಲಿ ಎರಡು ಪ್ಯಾರಾ ಸಲಹೆಯಿತ್ತು: ನಿನ್ನಂಥ ಐದು ಜನರ ಪಕ್ಕದಲ್ಲಿ ಕೂತು, ಮಾತಾಡದೆ, ಅವರು ಬಳಸುವುದನ್ನು ನೋಡು. ಅವಳು ಅಳುತ್ತಾಳೆ ಎಂದುಕೊಂಡೆ. ಅತ್ತಳು ಕೂಡ, ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು. ನಮ್ಮ ಪರಿಚಯದವರೊಬ್ಬರು "ಸರ್ಟಿಫಿಕೇಟ್ ಏನಾದರೂ ಕೊಟ್ಟರಾ? ಕಾಲೇಜ್ ಅಪ್ಲಿಕೇಶನ್‌ಗೆ ಒಳ್ಳೆಯದು" ಎಂದರು. ಅವರ ಮಗನಿಗೆ ಮುಂದಿನ ವರ್ಷಕ್ಕೆ ಕೋಚಿಂಗ್ ಎಲ್ಲಿ ಸಿಗುತ್ತದೆ ಎಂದೂ ವಿಚಾರಿಸಿದರು. ನನಗೆ ಸಿಟ್ಟು ಬಂತು, ಆಮೇಲೆ ನಗು ಬಂತು. ಹಟಕ್ಕೆ ಕೋಚಿಂಗ್ ಎಲ್ಲಿದೆ ಮಾರಾಯರೇ.

ಜೂನ್ ತಿಂಗಳ ಒಂದು ಭಾನುವಾರ ಮನೆಗೆ ನಾಲ್ಕು ಮಕ್ಕಳು ಬಂದರು. ಎಲ್ಲರೂ ಇಲ್ಲಿನ ಕನ್ನಡದ ಮನೆಗಳವರು, ಎಲ್ಲರೂ ಜಪಾನಿ ಶಾಲೆ. ಮಗಳು ಒಂದು ಹಳೆಯ ಫೋನ್ ಕೊಟ್ಟು, ನೋಟ್‌ಪುಸ್ತಕ ಹಿಡಿದು, ಬಾಯಿಗೆ ಬೀಗ ಹಾಕಿಕೊಂಡು ಕೂತಳು. ಒಂಬತ್ತು ವರ್ಷದ ಹುಡುಗನೊಬ್ಬ ಹತ್ತು ನಿಮಿಷದಲ್ಲಿ 'ಅಪ್ಪ' ಬರೆದ. 'ಅಕ್ಕ' ಬರೆದ. ಆಮೇಲೆ 'ನಾನು' ಬರೆಯಲು ಹೋಗಿ ಎದ್ದುಬಿಟ್ಟ. "ಇದು ಕೆಟ್ಟ ಕೀಬೋರ್ಡು" ಎಂದು ತೀರ್ಪು ಕೊಟ್ಟ.

ನೋಡಿದರೆ ನ ಅಕ್ಷರವನ್ನು ಅವಳು ತವರ್ಗದ ಕೊನೆಯಲ್ಲಿಟ್ಟಿದ್ದಳು. ವ್ಯಾಕರಣಕ್ಕೆ ಸರಿ. ಆದರೆ ತ, ದ, ಥ, ಧ ದಾಟಿ ನ ತಲುಪಲು ನಾಲ್ಕು ಸಲ ತಟ್ಟಬೇಕು. 'ನಾನು' ಎಂಬ ಎರಡಕ್ಷರಕ್ಕೆ ಹತ್ತು ಸಲ. ಕನ್ನಡದಲ್ಲಿ ನಾನು, ನೀನು, ನಮ್ಮ, ಏನು, ಎಲ್ಲದರಲ್ಲೂ ನ. ಆರು ತಿಂಗಳಿಂದ ಅವಳು ಇದನ್ನು ಗಮನಿಸಿರಲಿಲ್ಲ, ಏಕೆಂದರೆ ಅವಳು ಬರೆದು ನೋಡುತ್ತಿದ್ದದ್ದು 'ಅಜ್ಜಿ' ಎಂಬ ಒಂದೇ ಪದವನ್ನು. ಸಂದರ್ಶನದ ಮೂವರಿಗೆ ಕನ್ನಡದ ಗಂಧವಿಲ್ಲ, ಆದರೂ ದೋಷ ಎಲ್ಲಿ ಅಡಗಿರುತ್ತದೆಂದು ಅವರಿಗೆ ಗೊತ್ತಿತ್ತು. ನನಗೆ ಕನ್ನಡ ಗೊತ್ತಿತ್ತು, ಹದಿನೆಂಟು ವರ್ಷದ ಅನುಭವವೂ ಇತ್ತು. ಒಂದು ಸಲ ಕೈಗೆ ತೆಗೆದುಕೊಂಡು ಬರೆದು ನೋಡಿದ್ದರೆ ಸಾಕಿತ್ತು. ನೋಡಿರಲಿಲ್ಲ.

ಆ ರಾತ್ರಿ ನಾವಿಬ್ಬರೂ ಕೂತು ನ ಮತ್ತು ಮಗೆ ಸ್ವಂತ ಮನೆ ಕೊಟ್ಟೆವು. ವ, ಹ ಬೇರೆಯವರ ಮನೆಗೆ ಬಾಡಿಗೆಗೆ ಹೋದವು. 'ಸೂರ್ಯ' ಬರೆದಾಗ ರ ಒತ್ತಿದರೂ ಅದು ಹಿಂದೆ ಹೋಗಿ ಕೊಕ್ಕೆಯಾಗಿ ನಿಂತದ್ದನ್ನು ನೋಡಿ ಅವಳು ಕೋಡ್ ತಪ್ಪಿದೆ ಎಂದು ಹುಡುಕತೊಡಗಿದ್ದಳು. ಅದು ಅರ್ಕಾವತ್ತು, ಬಾಯಿಗೆ ಮೊದಲು ಬಂದರೂ ಕಣ್ಣಿಗೆ ಆಮೇಲೆ ಕಾಣುತ್ತದೆ ಎಂದೆ. ಏಕೆ ಎಂದಳು. ಗೊತ್ತಿಲ್ಲ ಎಂದೆ. "ನಿನಗೂ ಗೊತ್ತಿಲ್ವಾ!" ಎಂದು ಅವಳಿಗೆ ಆದ ಸಂತೋಷ ಹೇಳತೀರದು.

ಜುಲೈ ಕೊನೆಗೆ ಶಾಲೆಗೆ ರಜೆ ಬೀಳುವ ಮುಂಚೆ ಅವಳು ಅಜ್ಜಿಗೆ ಮೊದಲ ಸಂದೇಶ ಕಳಿಸಿದಳು. ಅಣ್ಣನ ಫೋನಿಗೆ. ಆರು ಸಾಲು, ನನ್ನನ್ನು ಕೇಳದೆ. ಅವಳಿಗೆ ಕನ್ನಡ ಓದಲು ಬರುತ್ತಿತ್ತೇ? ಪೂರ್ತಿ ಇಲ್ಲ. ಆದರೆ ಬೆರಳು ಸರಿಸಿದಂತೆಲ್ಲ ಅಕ್ಷರ ಕಣ್ಣೆದುರು ಮೂಡುತ್ತಿತ್ತು, ದಿನಕ್ಕೆ ಹತ್ತಿಪ್ಪತ್ತು ಸಲ. ಕಾಪಿ ಪುಸ್ತಕದಿಂದ ಆಗದಿದ್ದದ್ದು ಹಾಗೆ ಒಂದಷ್ಟು ಆಗಿತ್ತು. ಎಲ್ಲ ಮಕ್ಕಳಿಗೂ ಹೀಗಾಗುತ್ತದೆ ಎಂದು ನಾನು ಹೇಳಲಾರೆ. ಆ ಒಂಬತ್ತರ ಹುಡುಗ ಎರಡನೆಯ ವಾರ ಬರಲೇ ಇಲ್ಲ.

ಮೂರು ದಿನ ಉತ್ತರವಿಲ್ಲ. ನಾಲ್ಕನೆಯ ದಿನ ಅಣ್ಣ ಒಂದು ಫೋಟೋ ಕಳಿಸಿದ. ಅಮ್ಮ ಅವನಿಂದ ಸಂದೇಶವನ್ನು ಕಾಗದದ ಮೇಲೆ ಪ್ರಿಂಟ್ ತೆಗೆಸಿಕೊಂಡು, ಕೆಂಪು ಪೆನ್ನಿನಲ್ಲಿ ತಿದ್ದಿದ್ದರು. 'ಬೆಲಿಗ್ಗೆ'ಯ ಲಗೆ ಸುತ್ತು ಹಾಕಿ 'ಳ'. 'ಮಲೆ ಬರುತ್ತಾ' ಎಂಬಲ್ಲೂ ಸುತ್ತು. 'ಹೇಲು' ಎಂಬ ಪದಕ್ಕೆ ಎರಡು ಸುತ್ತು, ಪಕ್ಕದಲ್ಲಿ 'ಛೀ! ಹೇಳು' ಎಂದು ಬರೆದಿದ್ದರು. ಕೆಳಗೆ ತಮ್ಮದೇ ಅಕ್ಷರದಲ್ಲಿ ಮೂರು ಸಾಲು.

ಮಗಳು ಕೆಂಪು ಸುತ್ತುಗಳನ್ನು ಎಣಿಸಿದಳು. ಏಳಿದ್ದವು, ಏಳೂ ಲಕಾರದ್ದೇ. ಳ ಬರೆಯಲು ಲ ಒತ್ತಿ ಇನ್ನೊಮ್ಮೆ ತಟ್ಟಬೇಕು, ಸೋಮಾರಿತನಕ್ಕೆ ಬಿಟ್ಟಿದ್ದಳಂತೆ. ಲ್ಯಾಪ್‌ಟಾಪ್ ತೆಗೆದು ಳಗೆ ಜಾಗ ಹುಡುಕಲು ಕೂತಳು. ಮುಂದಿನ ವಸಂತದ ಅರ್ಜಿಗೆ ಈ ಫೋಟೋ ಹಾಕಬಹುದಾ ಎಂದು ಕೇಳಿದಳು, ಅಜ್ಜಿಯನ್ನೇ ಕೇಳು ಎಂದೆ.

ಅಮ್ಮ ಕೈಯಲ್ಲಿ ಬರೆದ ಆ ಮೂರು ಸಾಲನ್ನು ನಾನು ಓದಿ ಹೇಳಲು ಹೋದೆ. ಫೋನನ್ನು ಕಿತ್ತುಕೊಂಡಳು. "ಬೇಡ ಇರು" ಎಂದು, ಫೋಟೋವನ್ನು ದೊಡ್ಡದು ಮಾಡಿ, ಒಂದೊಂದೇ ಅಕ್ಷರದ ಮೇಲೆ ಹೆಬ್ಬೆರಳನ್ನು ಗಾಳಿಯಲ್ಲಿ ಎಡಕ್ಕೆ, ಮೇಲಕ್ಕೆ, ಬಲಕ್ಕೆ ಸರಿಸುತ್ತಾ ಗುಣಿಸತೊಡಗಿದಳು.